ಫಿನ್ಲೆಂಡಿನ ನಲವತ್ತು ಕೋಟು

ಅವರು ಅಳತೆ ಬರೆದುಕೊಳ್ಳುತ್ತಿರಲಿಲ್ಲ. ಟೇಪನ್ನು ಎದೆಗೆ ಸುತ್ತಿ, ಭುಜಕ್ಕೆ ಹಿಡಿದು, ತೋಳಿನುದ್ದಕ್ಕೆ ಇಳಿಬಿಟ್ಟು, ಒಂದೊಂದು ಸಲವೂ ಒಂದು ಸಂಖ್ಯೆಯನ್ನು ತಮಗಷ್ಟೇ ಕೇಳುವಂತೆ ಹೇಳಿಕೊಳ್ಳುತ್ತಿದ್ದರು. ಟೇಪು ಮತ್ತೆ ಕೊರಳಿಗೆ ಬಂದ ಮೇಲೆ ಒಂದು ಪ್ರಶ್ನೆ ಇರುತ್ತಿತ್ತು: ಇದನ್ನು ಹಾಕಿಕೊಂಡು ನೀವು ಏನು ಕೆಲಸ ಮಾಡುತ್ತೀರಿ? ಪೊಲೀಸರಾದರೆ ಸೆಲ್ಯೂಟ್ ಹೊಡೆಸಿ ನೋಡುತ್ತಿದ್ದರು. ಬಸ್ ಕಂಡಕ್ಟರಾದರೆ ಮೇಲಿನ ಕಂಬಿ ಹಿಡಿದಂತೆ ಕೈ ಎತ್ತಿಸುತ್ತಿದ್ದರು. ಮದುವೆ ಬ್ಯಾಂಡಿನವನಾದರೆ ಕಹಳೆ ಊದುವ ಹಾಗೆ ಕೆನ್ನೆ ಉಬ್ಬಿಸಿ ನಿಲ್ಲಬೇಕಿತ್ತು. ಆಗ ಕೊರಳು ಎಷ್ಟು ದಪ್ಪವಾಗುತ್ತದೋ ಕಾಲರ್ ಅಷ್ಟು. ಕೈ ಎತ್ತಿದಾಗ ಅಂಚು ಸೊಂಟ ಬಿಟ್ಟು ಮೇಲೆದ್ದರೆ ಅದು ಸಮವಸ್ತ್ರವೇ ಅಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಒಂದು ಕ್ಲಿನಿಕ್ಕಿನ ಪಕ್ಕದ ಓಣಿಯಲ್ಲಿ ಅವರ ಅಂಗಡಿ. ಎರಡು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒಂದು ನಿಲುವುಗನ್ನಡಿ. ಸಮವಸ್ತ್ರ ಬಿಟ್ಟು ಬೇರೆ ಏನನ್ನೂ ಅವರು ಹೊಲಿಯುತ್ತಿರಲಿಲ್ಲ. ಊರಿಗೆಲ್ಲ ಅವರು ಮಾಸ್ಟರ್. ನಾನು ಊರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವನು; ಎನ್.ಸಿ.ಸಿ. ಜವಾಬ್ದಾರಿಯೂ ನನ್ನ ಮೇಲೆ ಇದ್ದುದರಿಂದ ಖಾಕಿ ಹೊಲಿಸಲು ಅವರಲ್ಲಿಗೆ ಹೋದೆ. ಖಾಕಿ ಬಿಟ್ಟ ಮೇಲೂ, ಕಾಲೇಜು ಬಿಟ್ಟ ಮೇಲೂ, ಎಂ.ಸಿ.ಸಿ. ಬಿ ಬ್ಲಾಕಿನ ನನ್ನ ಮನೆಯಿಂದ ಸಂಜೆ ನಡೆದುಹೋಗಿ ಅವರ ಬೆಂಚಿನ ಮೇಲೆ ಕೂರುವುದು ತಪ್ಪಲಿಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಅವರ ವಿಷಯ ಬರೆಯುವುದೆಂದರೆ ನನ್ನದೊಂದು ತಪ್ಪನ್ನೂ ಬರೆಯಬೇಕು. ಆ ತಪ್ಪನ್ನು ಅವರು ತಮ್ಮದೆಂದು ಹೇಳಿ, ಬೈಸಿಕೊಂಡು, ಹಾಗೆಯೇ ಹೊರಟುಹೋದರು. ಆದ್ದರಿಂದ ಅವಸರ ಮಾಡದೆ, ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ಅವರ ಮಾರ್ಜಿನ್ನಿನ ವಿಷಯ. ಬಟ್ಟೆಯ ಒಳಗೆ, ಹೊಲಿಗೆಯ ಪಕ್ಕದಲ್ಲಿ, ಮುಂದೆ ಬಿಚ್ಚಿ ಅಗಲ ಮಾಡಲೆಂದು ಬಿಡುವ ಹೆಚ್ಚುವರಿ ಬಟ್ಟೆಗೆ ದರ್ಜಿಗಳು ಮಾರ್ಜಿನ್ ಎನ್ನುತ್ತಾರೆ. ಬೇರೆಯವರು ಅರ್ಧ ಇಂಚು ಬಿಟ್ಟರೆ ಇವರು ಒಂದೂಕಾಲು ಇಂಚು ಬಿಡುತ್ತಿದ್ದರು. ಶಾಲೆಯ ಹುಡುಗರ ಅಂಗಿಗೂ ಅಷ್ಟೇ, ಇನ್‌ಸ್ಪೆಕ್ಟರ ಪ್ಯಾಂಟಿಗೂ ಅಷ್ಟೇ. ಒಬ್ಬ ಅಧಿಕಾರಿ ಊರಿಗೆ ವರ್ಗವಾಗಿ ಬಂದಾಗ ಸೊಂಟ ಎಷ್ಟಿತ್ತು, ಹೋಗುವಾಗ ಎಷ್ಟಾಗಿತ್ತು ಎಂಬುದು ಅವರಿಗೆ ಬಾಯಿಪಾಠ. ಅದನ್ನು ಕೇಳಿದರೆ ಹೇಳುತ್ತಿರಲಿಲ್ಲ, ನಗುತ್ತಿದ್ದರು. ಮೈ ಬದಲಾಗುತ್ತದೆ, ಬಟ್ಟೆಯ ಒಳಗೆ ಜಾಗ ಇರಬೇಕು ಎನ್ನುತ್ತಿದ್ದರು.

ಅವರ ಮೂಲ ಹರಿಹರ. ನೂರೈವತ್ತು ವರ್ಷಗಳಿಗೂ ಹಿಂದೆ ಹರಿಹರದಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತ್ತು ಎಂಬುದು ಇತಿಹಾಸ ಓದಿದವರಿಗೆ ಗೊತ್ತು. ಆ ದಂಡಿನ ಬಜಾರದಲ್ಲಿ ತಮ್ಮ ಮುತ್ತಜ್ಜನ ಅಪ್ಪ ಸಿಪಾಯಿಗಳ ಕೋಟು ಹೊಲಿಯುತ್ತಿದ್ದರೆಂದು ಅವರ ಮನೆಯಲ್ಲಿ ಮಾತು. ಒಂದು ಶುಕ್ರವಾರ ಅವರು ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು. ನಮಾಜು ಮುಗಿಸಿ ಬಂದು, ಹೊಳೆಯ ಕಡೆ ನಡೆದು, ಮನೆಗಳೂ ಗ್ಯಾರೇಜುಗಳೂ ತುಂಬಿದ ಒಂದು ಬೀದಿಯಲ್ಲಿ ನಿಂತು, ಇಲ್ಲೇ ಎಲ್ಲೋ ಎಂದರು. ತೋರಿಸಲು ಒಂದು ಕಲ್ಲೂ ಇರಲಿಲ್ಲ. ಆದರೂ ಅವರು ನಿಂತ ರೀತಿ ನನಗೆ ನೆನಪಿದೆ. ಚಪ್ಪಲಿ ಬಿಟ್ಟು ನಿಂತಿದ್ದರು.

ಆ ಸಿಪಾಯಿಗಳು ಯಾರ ಮೇಲೆ ಯುದ್ಧಕ್ಕೆ ಹೋದರೆಂದು ಅಲ್ಲಿಯೇ ನನ್ನನ್ನು ಕೇಳಿದರು. ಬೇರೆ ಬೇರೆ ಕಡೆ, ಹೆಚ್ಚಾಗಿ ನಮ್ಮವರ ಮೇಲೆಯೇ ಎಂದೆ. ವಾಪಸ್ ಬಸ್ಸಿನಲ್ಲಿ, ಕೋಟು ಮತ್ತೊಬ್ಬರದ್ದಾದರೆ ಮೈಯೂ ಅವರದ್ದೇ ಆಗಿಬಿಡುತ್ತದೆಯೋ ಎಂದು ಕೇಳಿದರು.

ಎರಡು ವರ್ಷದ ಹಿಂದೆ, ಶ್ರಾವಣ ಮುಗಿದ ಮೇಲೆ, ಬೆಂಗಳೂರಿನ ಒಬ್ಬ ರಫ್ತು ವ್ಯಾಪಾರಿಯಿಂದ ಅವರಿಗೆ ನಲವತ್ತು ಕೋಟುಗಳ ಆರ್ಡರ್ ಬಂತು. ಫಿನ್ಲೆಂಡಿನಲ್ಲಿ ಒಂದು ಗುಂಪಿದೆ. ಅವರು ವರ್ಷಕ್ಕೊಮ್ಮೆ ತಮ್ಮ ಹಳೆಯ ಪಲಟನ್ನಿನ ಉಡುಪು ತೊಟ್ಟು, ಅದರ ನೆನಪಿಗೆ ಮೆರವಣಿಗೆ ನಡೆಯುತ್ತಾರೆ. ಅದಕ್ಕೆ ಬೇಕಾದ ಕಡುಹಸಿರು ಉಣ್ಣೆ ಬಟ್ಟೆ, ಕಾಲರಿಗೆ ನೀಲಿ ಪಟ್ಟಿ, ನಲವತ್ತು ಮೈಗಳ ಅಳತೆ, ಕೆಲವು ಹಳೆಯ ಫೋಟೊಗಳ ನಕಲು, ಇಂಗ್ಲಿಷಿನಲ್ಲಿ ಆರು ಹಾಳೆ ಸೂಚನೆ, ಎಲ್ಲ ಜೊತೆಗೇ ಬಂದಿದ್ದವು. ಅವರ ಬದುಕಿನಲ್ಲಿ ಪರದೇಶಕ್ಕೆ ಹೋಗುವ ಮೊದಲ ಕೆಲಸ ಅದು. ವಯಸ್ಸು ಎಪ್ಪತ್ತು ದಾಟಿತ್ತು. ಕೊನೆಯದೂ ಅದೇ ಎಂದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ. ಒಂದು ಹೊಲಿಗೆಯೂ ತಪ್ಪಬಾರದು ಎಂದು ಮೊದಲ ದಿನವೇ ಹೇಳಿದರು.

ಹಾಳೆಗಳನ್ನು ಓದಿ ಹೇಳಲು ನನ್ನನ್ನು ಕರೆದರು. ಅಳತೆಯನ್ನು ಕೇಳಿದ ಮೇಲೆ, ಎಂದಿನಂತೆ ಅವರ ಪ್ರಶ್ನೆ ಬಂತು.

“ಇದನ್ನ ಹಾಕ್ಕೊಂಡು ಅವ್ರು ಏನ್ ಮಾಡ್ತಿದ್ರು ಮೇಷ್ಟ್ರೆ?”

ಬಂದೂಕು ಹಿಡಿದು ಗುರಿ ಇಡುತ್ತಿದ್ದರು ಎಂದೆ. ತಕ್ಷಣ ಅಳತೆಕೋಲನ್ನು ನನ್ನ ಕೈಗೆ ಕೊಟ್ಟು ಓಣಿಯಲ್ಲಿ ನಿಲ್ಲಿಸಿದರು. ನಾನು ಅದನ್ನು ಭುಜಕ್ಕೆ ಆನಿಸಿ, ಪಕ್ಕದ ಕ್ಲಿನಿಕ್ಕಿಗೆ ಗುರಿ ಇಟ್ಟು ನಿಂತೆ. ಅವರು ಹಿಂದೆ ನಿಂತು ನನ್ನ ಬೆನ್ನನ್ನು ನೋಡುತ್ತಿದ್ದರು. ಟೋಕನ್ ಹಿಡಿದು ಕೂತಿದ್ದ ರೋಗಿಗಳು ಹೊರಗೆ ಬಂದರು. ಒಬ್ಬ ಆಟೊದವನು ಗಾಡಿ ನಿಲ್ಲಿಸಿ, ಡಾಕ್ಟ್ರಿಗೆ ಹೊಡೀಬ್ಯಾಡ್ರಿ ಸಾರ್, ನಮ್ಮವ್ವನ ನಂಬರು ಇನ್ನೂ ಬಂದಿಲ್ಲ ಎಂದ. ಮಾಸ್ಟರ್ ನಗಲಿಲ್ಲ. ಇನ್ನೊಂದು ಸ್ವಲ್ಪ ಮೊಣಕೈ ಎತ್ತಿರಿ ಎಂದರು.

ಆ ಆರು ಹಾಳೆ ಅವರಿಗೆ ಸಾಲಲಿಲ್ಲ. ಈ ಜನ ಯಾರು, ಇವರ ರಾಜ ಯಾರು, ಇವರ ಪಲಟನ್ ಯಾಕೆ ಹಳೆಯದಾಯಿತು ಎಂದೆಲ್ಲ ಕೇಳತೊಡಗಿದರು. ನಾನು ಮೂವತ್ತು ವರ್ಷ ಯೂರೋಪಿನ ಇತಿಹಾಸ ಪಾಠ ಮಾಡಿದವನು. ಆದರೆ ನಮ್ಮ ಪಠ್ಯದಲ್ಲಿ ಫಿನ್ಲೆಂಡಿಗೆ ಇದ್ದದ್ದು ಎರಡೇ ಸಾಲು. ಹಾಗಾಗಿ ಪುಸ್ತಕ ತರಿಸಿದೆ, ಮೊಬೈಲಿನಲ್ಲಿ ಹುಡುಕಿದೆ. ಸಂಜೆ ಐದರಿಂದ ಏಳರವರೆಗೆ ಅವರು ಹೊಲಿಯುತ್ತಿದ್ದರು, ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ.

ಸಾವಿರದ ಎಂಟುನೂರ ಒಂಬತ್ತರಲ್ಲಿ ಆ ದೇಶ ಸ್ವೀಡನ್ನಿನ ಕೈಬಿಟ್ಟು ರಷ್ಯಾದ ಚಕ್ರವರ್ತಿ ಜಾರನ ಕೈಗೆ ಬಂತು. ಕಾನೂನು, ಧರ್ಮ ಅವರದ್ದೇ ಉಳಿಯಿತು. ಮೇಲಿನ ಒಡೆಯ ಮಾತ್ರ ಬದಲಾದ. ಹಿಂದಿನಿಂದ ಅವರಲ್ಲೊಂದು ಪದ್ಧತಿ ಇತ್ತು. ನಾಲ್ಕಾರು ಹೊಲಮನೆಗಳು ಸೇರಿ ಒಬ್ಬ ಸಿಪಾಯಿಯನ್ನು ಸಾಕುವುದು. ಅವನಿಗೊಂದು ಗುಡಿಸಲು, ಒಂದು ತುಂಡು ನೆಲ. ಇದನ್ನು ಹೇಳಿದಾಗ ಮಾಸ್ಟರ್ ಮೆಷಿನ್ ನಿಲ್ಲಿಸಿದರು. ಪಾಳೆಯಗಾರರ ಕಾಲದಲ್ಲಿ ನಮ್ಮ ಕಡೆಯೂ ಆಳುಗಳಿಗೆ ಉಂಬಳಿ ಹೊಲ ಕೊಡುತ್ತಿದ್ದರಲ್ಲ, ಹಾಗೆಯೇ ಅಲ್ಲವೇ ಎಂದರು. ಹೆಚ್ಚು ಕಡಿಮೆ ಹಾಗೆಯೇ. ಅಂದಿನಿಂದ ಆ ಜನ ಅವರಿಗೆ ದೂರದವರಾಗಿ ಉಳಿಯಲಿಲ್ಲ.

ಫಿನ್ನರ ಗಾರ್ಡ್ ಎಂಬ ಪಲಟನ್ ಜಾರನಿಗಾಗಿ ಪೋಲೆಂಡಿನ ದಂಗೆಯನ್ನು ಅಡಗಿಸಲು ಹೋಯಿತು. ತಮ್ಮ ಹಾಗೆಯೇ ಜಾರನ ಕೆಳಗಿದ್ದ ಜನರ ಮೇಲೆ ಹೋದರು ಎಂದು ನಾನು ಓದಿದಾಗ ಅವರು ತಲೆ ಎತ್ತಲಿಲ್ಲ. ಹರಿಹರದ ಬೀದಿ ನೆನಪಾಗಿರಬೇಕು. ಮುಂದಿನ ಅಧ್ಯಾಯದಲ್ಲಿ ಸಾವಿರದ ಎಂಟುನೂರ ಎಪ್ಪತ್ತೇಳರ ಯುದ್ಧ. ಬಲ್ಗೇರಿಯದಲ್ಲಿ ತುರ್ಕರ ವಿರುದ್ಧ. ಅಲ್ಲಿ ನಾನು ಸ್ವಲ್ಪ ತಡೆದೆ.

“ನನ್ ಮುಖ ನೋಡಬ್ಯಾಡ್ರಿ,” ಎಂದರು. “ತುರ್ಕರು ನಮ್ಮ ಬೀಗರೇನಲ್ಲ. ಮುಂದ ಓದ್ರಿ.”

ಗೋರ್ನಿ ದುಬ್ನಿಕ್ ಎಂಬ ಹಳ್ಳಿಯ ಮಣ್ಣಿನ ಕೋಟೆಯ ಎದುರು ಆ ಪಲಟನ್ನಿನವರು ಬಹಳ ಮಂದಿ ಬಿದ್ದರು. ಗೆದ್ದರು, ಹೆಸರು ಬಂತು. ಮರುವರ್ಷ ಫಿನ್ಲೆಂಡಿಗೆ ತನ್ನದೇ ಸೈನ್ಯದ ಕಾನೂನು ಬಂತು: ಇಪ್ಪತ್ತೊಂದು ತುಂಬಿದವರು ಚೀಟಿ ಎತ್ತಬೇಕು, ಚೀಟಿ ಬಿದ್ದವರು ಮೂರು ವರ್ಷ ದುಡಿಯಬೇಕು, ಆದರೆ ತಮ್ಮ ನಾಡನ್ನು ಕಾಯಲು, ತಮ್ಮವರೇ ಆದ ಅಧಿಕಾರಿಗಳ ಕೆಳಗೆ. ಚೀಟಿ ಬಿದ್ದವನ ಅವ್ವ ಏನೆಂದಳು ಎಂಬುದನ್ನು ಪುಸ್ತಕದಲ್ಲಿ ಬರೆದಿಲ್ಲವೇ ಎಂದು ಮಾಸ್ಟರ್ ಕೇಳಿದರು. ಬರೆದಿರಲಿಲ್ಲ.

ಅವರಿಗೆ ತುಂಬ ಹಿಡಿಸಿದ್ದು ಕೊನೆಯ ಭಾಗ. ಸಾವಿರದ ಒಂಬೈನೂರ ಒಂದರಲ್ಲಿ ಜಾರ್ ಆ ಕಾನೂನನ್ನು ಮುರಿದ. ನಿಮ್ಮ ಸೈನ್ಯ ಬೇರೆ ಇರುವುದಿಲ್ಲ, ನಿಮ್ಮ ಹುಡುಗರನ್ನು ರಷ್ಯಾದ ದಂಡಿಗೂ ಹಾಕಬಹುದು ಎಂದ. ಆ ಆಜ್ಞೆಯನ್ನು ಪಾದ್ರಿಗಳು ಚರ್ಚುಗಳಲ್ಲಿ ಓದಬೇಕಿತ್ತು. ಹಲವರು ಓದಲಿಲ್ಲ. ಓದಿದ ಕಡೆ ಜನ ಎದ್ದು ಹೊರಗೆ ಹೋದರು, ಇಲ್ಲವೇ ಓದಿದ್ದು ಕೇಳದಂತೆ ದೇವರ ಹಾಡು ಹಾಡಿದರು. ಮರುವರ್ಷ ಸೇರ್ಪಡೆಯ ಕರೆ ಬಂದಾಗ, ಕರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೋಗಲೇ ಇಲ್ಲ.

ಮಾಸ್ಟರ್ ಸೂಜಿಯನ್ನು ಬಟ್ಟೆಯಲ್ಲಿ ಹಾಗೆಯೇ ಚುಚ್ಚಿಟ್ಟರು. ಕತ್ತಿ ಎತ್ತಲಿಲ್ಲವೇ ಎಂದು ಕೇಳಿದರು. ಇಲ್ಲ, ಮನೆಯಲ್ಲಿ ಕೂತರು ಎಂದೆ.

“ಅದೂ ಸಿಪಾಯಿ ಕೆಲ್ಸನೇ ಬಿಡ್ರಿ,” ಎಂದರು. ಆಮೇಲೆ, “ಇಷ್ಟ್ ವರ್ಷ ಪಾಠ ಮಾಡಿದ್ರಿ, ಇದನ್ನ ಹುಡುಗ್ರಿಗೆ ಯಾಕ ಹೇಳ್ಲಿಲ್ಲ?”

ಪಠ್ಯದಲ್ಲಿ ಎರಡೇ ಸಾಲಿತ್ತು ಎಂದೆ.

“ಒಳಗ ಮಾರ್ಜಿನ್ ಇದ್ದೇ ಇರ್ತೈತಲ್ರಿ. ಬಿಚ್ಚಬೇಕಿತ್ತು.”

ಗಾರ್ಡ್ ಪಲಟನ್ನನ್ನು ಸಾವಿರದ ಒಂಬೈನೂರ ಐದರಲ್ಲಿ ಮುಚ್ಚಿದರು ಎಂದು ಓದಿ ಪುಸ್ತಕ ಮಡಚಿದಾಗ ಅವರು ಕೇಳಿದ್ದು ಒಂದೇ: ಪಲಟನ್ ಮುರಿದ ಮೇಲೆ ಆ ಕೋಟುಗಳು ಏನಾದವು? ಅದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಇನ್ನು ತಪ್ಪಿನ ವಿಷಯ.

ಆರ್ಡರ್ ಬಂದದ್ದು ಆ ಕೊನೆಯ ವರ್ಷಗಳ ಕೋಟಿಗೆ, ಪಲಟನ್ ಮುಚ್ಚುವ ಮೊದಲಿನದಕ್ಕೆ. ಎದೆಯ ಮೇಲೆ ಒಂದು ಭಾಗ ಮತ್ತೊಂದರ ಮೇಲೆ ಮಡಚಿ ಬರುವ ಕೋಟು. ಅದನ್ನು ಮುಚ್ಚುವುದು ಗುಂಡಿಯಿಂದಲೋ ಹುಕ್ಕಿನಿಂದಲೋ ಎಂಬುದು ಸೂಚನೆಯಲ್ಲಿ ಸ್ಪಷ್ಟ ಇರಲಿಲ್ಲ. ಆ ಕಾಲದಲ್ಲಿ ಇದ್ದಂತೆ ಎಂದಷ್ಟೇ ಇತ್ತು. ಫೋಟೊಗಳು ಕಪ್ಪಾಗಿದ್ದವು. ನಾನು ಎಪ್ಪತ್ತೇಳರ ಯುದ್ಧದ ಅಧ್ಯಾಯದಲ್ಲಿ ಒಂದು ಚಿತ್ರ ನೋಡಿದ್ದೆ. ಅದರಲ್ಲಿ ಎದೆಯ ಮೇಲೆ ಎರಡು ಸಾಲು ಗುಂಡಿಗಳು ಹೊಳೆಯುತ್ತಿದ್ದವು. ಗುಂಡಿ ಎಂದೆ.

ಮಾಸ್ಟರಿಗೆ ಸಮಾಧಾನವಾಗಲಿಲ್ಲ. ಬಟ್ಟೆ ಕಳಿಸಿದ್ದಾರೆ, ಕಾಲರಿನ ಪಟ್ಟಿ ಕಳಿಸಿದ್ದಾರೆ, ಗುಂಡಿ ಯಾಕೆ ಕಳಿಸಿಲ್ಲ ಎಂದು ಕೇಳಿದರು. ಹಿತ್ತಾಳೆಯ ಗುಂಡಿ ಅಲ್ಲವೇ, ಅಲ್ಲಿಯೇ ಹಚ್ಚಿಕೊಳ್ಳುತ್ತಾರೆ ಎಂದೆ. ಎರಡು ದಿನ ಬಿಟ್ಟು, ಕಾಜಾ ಹಾಕಿಸುವ ಮುನ್ನ, ಮತ್ತೆ ಕೇಳಿದರು.

“ಒಂದ್ ಸಲ ಬರೆದು ಕೇಳೋಣೇನ್ರಿ?”

ಬೇಕಿಲ್ಲ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಬೇಸರವಿತ್ತು ಎಂಬುದೂ ನೆನಪಿದೆ. ಇತಿಹಾಸದ ಮೇಷ್ಟ್ರನ್ನು ದರ್ಜಿಯೊಬ್ಬರು ಎರಡು ಸಲ ಕೇಳಿದ್ದರು.

ಕಾಜಾ ಅಂದರೆ ಗುಂಡಿ ತೂರಲು ಬಟ್ಟೆಯನ್ನು ಸೀಳಿ, ಅಂಚಿಗೆ ಒತ್ತೊತ್ತಾಗಿ ದಾರ ಕಟ್ಟಿದ ಕಿಂಡಿ. ಬೇರೆ ಯಾವ ಹೊಲಿಗೆಯನ್ನಾದರೂ ಬಿಚ್ಚಬಹುದು. ಸೀಳಿದ ಕಾಜಾ ಮತ್ತೆ ಕೂಡುವುದಿಲ್ಲ. ಅದಕ್ಕೇ ಅದು ಕೊನೆಯ ಕೆಲಸ. ಈಗ ಎಲ್ಲರೂ ಮೆಷಿನ್ನಿನಲ್ಲಿ ಹಾಕಿಸುತ್ತಾರೆ. ಮಾಸ್ಟರ್ ಒಳ್ಳೆಯ ಉಣ್ಣೆಗೆ ಮೆಷಿನ್ ಮುಟ್ಟಿಸುತ್ತಿರಲಿಲ್ಲ. ಆನೆಕೊಂಡದಲ್ಲಿ ಗೌರಮ್ಮ ಎಂಬಾಕೆ ಇದ್ದಾರೆ. ಅವರೂ ಅವರ ನೆರೆಯ ನಾಲ್ಕು ಹೆಂಗಸರೂ ಮನೆಯಲ್ಲಿ ಕೂತು ಕೈಯಿಂದ ಕಾಜಾ ಹಾಕುತ್ತಾರೆ. ಒಂದು ಕೋಟಿಗೆ ಆರು, ನಲವತ್ತು ಕೋಟಿಗೆ ಇನ್ನೂರ ನಲವತ್ತು. ಐದು ಜನ ಹನ್ನೊಂದು ದಿನ ಹಾಕಿದರು. ಒಂದೊಂದೂ ಅಕ್ಕಿಕಾಳಿನಂತೆ ಸಮವಾಗಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಮನೆಯಲ್ಲಿ ಬೇರೆ ಏನನ್ನೋ ಹುಡುಕುತ್ತಿದ್ದೆ. ಸಾವಿರದ ಎಂಟುನೂರ ಎಂಬತ್ತರ ದಶಕದ ಆರಂಭದಲ್ಲಿ ಪಟ್ಟಕ್ಕೆ ಬಂದ ಹೊಸ ಜಾರ್ ಸೈನ್ಯದ ಉಡುಪನ್ನೆಲ್ಲ ಸರಳ ಮಾಡಿಸಿದ, ಎದೆಯ ಹೊಳೆಯುವ ಗುಂಡಿಗಳನ್ನು ತೆಗೆಸಿ ಒಳಗೆ ಹುಕ್ಕು ಹಾಕಿಸಿದ ಎಂಬ ಸಾಲು ಕಣ್ಣಿಗೆ ಬಿತ್ತು. ಮೂರು ಸಲ ಓದಿದೆ. ಆಮೇಲೆ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಅಂಗಡಿಯ ಆ ಕಪ್ಪು ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದು ಎದೆಯ ಮೇಲೂ ಗುಂಡಿ ಇರಲಿಲ್ಲ. ಇಲ್ಲ ಎಂಬುದು ಮೊದಲ ದಿನವೂ ಅಲ್ಲಿಯೇ ಕಾಣುತ್ತಿತ್ತು.

ಅಂಗಡಿಗೆ ನಡೆದು ಹೋದೆ. ಆಟೊ ಹತ್ತಬೇಕೆಂದು ಹೊಳೆಯಲಿಲ್ಲ. ಅವರು ನಲವತ್ತೂ ಕೋಟುಗಳನ್ನು ಇಸ್ತ್ರಿಗೆ ಸಾಲಾಗಿ ತೂಗುಹಾಕಿದ್ದರು. ನಾನು ನಿಂತಲ್ಲೇ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು, ಈಗ ಖಾತ್ರಿಯೇ ಎಂದು. ಹೌದು ಎಂದೆ. ಒಂದು ಕೋಟಿನ ಎದೆಯನ್ನು ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿದರು, ಒಂದು, ಎರಡು, ಮೂರು ಎಂದು ಎಣಿಸುವ ಹಾಗೆ. ನನಗೆ ಕುಡಿಯಲು ನೀರು ಕೊಟ್ಟರು.

ಗೌರಮ್ಮ ಉಳಿದ ದಾರ ಮರಳಿಸಲು ಬಂದದ್ದು ಅದೇ ಹೊತ್ತಿಗೆ. ಅವರು ಮೆಟ್ಟಿಲು ಹತ್ತುವುದನ್ನು ನೋಡಿ ಮಾಸ್ಟರ್ ಮೆಲ್ಲನೆ, “ನೀವು ಮಾತಾಡಬ್ಯಾಡ್ರಿ,” ಎಂದರು. ಆಮೇಲೆ ಗೌರಮ್ಮನಿಗೆ ಹೇಳಿದರು, ಕಾಜಾ ಬೇಕಾಗಿರಲಿಲ್ಲವಮ್ಮ, ಹುಕ್ಕು ಬೇಕಿತ್ತು, ನಾನು ತಪ್ಪು ತಿಳಿದೆ.

ಗೌರಮ್ಮ ಸಿಟ್ಟಾದರು. ಆಗಲೇಬೇಕಿತ್ತು. ಹನ್ನೊಂದು ದಿನ ಐದು ಜನರ ಕಣ್ಣು ಅದರಲ್ಲಿತ್ತು.

“ಐವತ್ತ್ ವರ್ಷ ಕತ್ರಿ ಹಿಡ್ದೀರಿ, ಗುಂಡಿ ಯಾವ್ದು ಹುಕ್ಕು ಯಾವ್ದು ತಿಳೀಲಿಲ್ವ ನಿಮ್ಗೆ? ವಯಸ್ಸಾತು ಮಾಸ್ಟ್ರೆ. ಇನ್ನ ಸಾಕ್ ಮಾಡ್ರಿ. ಮಂದಿ ಕೈ ಯಾಕ ಸವೆಸ್ತೀರಿ?”

ಅವರು ತಲೆ ತಗ್ಗಿಸಿ, ಹೌದಮ್ಮ, ವಯಸ್ಸಾತು ಎಂದರು. ನಾನು ಬೆಂಚಿನ ಮೇಲೆ ಕೂತಿದ್ದೆ. ಕೈಯಲ್ಲಿ ನೀರಿನ ಲೋಟ ಇತ್ತು. ಬಾಯಿ ತೆರೆಯಲಿಲ್ಲ. ಮಾತಾಡಬೇಡಿ ಎಂದು ಅವರು ಹೇಳಿದ್ದರು ಎಂಬ ಸಬೂಬನ್ನು ಎರಡು ವರ್ಷ ಇಟ್ಟುಕೊಂಡಿದ್ದೆ. ಆ ಸಬೂಬು ಸಾಲದು ಎಂದು ಆಗಲೂ ಗೊತ್ತಿತ್ತು.

ಅಂದೇ ಅವರು ಬಿಚ್ಚಲು ಕೂತರು. ಕಾಜಾ ಬಿದ್ದದ್ದು ಮೇಲೆ ಬರುವ ಭಾಗಕ್ಕೆ ಮಾತ್ರ. ಆ ಭಾಗವನ್ನು ಬಿಡಿಸಿ ಹೊಸದು ಕೂಡಿಸಬೇಕು. ಬಟ್ಟೆ ಕತ್ತರಿಸುವಾಗ ಅವರು ಒಂದೊಂದು ತುಂಡನ್ನೂ ಇನ್ನೊಂದರ ಮಗ್ಗುಲಿಗೆ ಒತ್ತಿ ಗುರುತು ಹಾಕಿ ಉಳಿಸಿದ್ದ ಬಟ್ಟೆ ಇತ್ತು. ಅದನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಬರೆದು, ಅಳಿಸಿ, ಮತ್ತೆ ಬರೆದರು. ಮೂವತ್ತೊಂದು ಕೋಟಿಗೆ ಆಯಿತು. ಒಂಬತ್ತಕ್ಕೆ ಆಗಲಿಲ್ಲ. ಅಂಥದೇ ಬಣ್ಣದ ಬಟ್ಟೆ ಊರಲ್ಲಿ ಸಿಗುತ್ತದೆ ಎಂದು ನಾನು ಅಂದೆ. ಅಂಥದು ಬೇರೆ, ಅದೇ ಬೇರೆ ಎಂದರು.

ವ್ಯಾಪಾರಿಯ ಮೂಲಕ ಆ ಗುಂಪಿಗೆ ಕಾಗದ ಬರೆಯಲು ಹೇಳಿದರು. ನಾನು ಇಂಗ್ಲಿಷಿನಲ್ಲಿ ಬರೆದೆ. ತಪ್ಪು ನನ್ನದು ಎಂದು ಬರೆಯಿರಿ ಎಂದಾಗ ನಾನು ಪೆನ್ನು ನಿಲ್ಲಿಸಿ, ಅದು ನಿಮ್ಮದಲ್ಲ, ನನ್ನದು ಎಂದೆ.

“ಕತ್ರಿ ಯಾರ ಕೈಯಾಗಿತ್ತು?”

ನಾನು ಪೆನ್ನನ್ನು ಮತ್ತೆ ಹಾಳೆಗೆ ಊರಿದೆ.

“ಬರೀರಿ. ಹಂಗೇ, ಆ ಕೋಟು ಆಮೇಲೆ ಏನಾದ್ವು ಅಂತ ಒಂದು ಸಾಲು ಕೇಳ್ರಿ.”

ಉತ್ತರಕ್ಕೆ ಹದಿನೈದು ದಿನ ಹಿಡಿಯಿತು. ಬರೆದವರು ಆ ಗುಂಪಿನ ಹಿರಿಯರೊಬ್ಬರು, ಹಿಂದೆ ಬಡಗಿಯಾಗಿದ್ದವರಂತೆ. ಮರದಲ್ಲಿಯೂ ಒಮ್ಮೆ ಕೊರೆದ ತೂತು ಮುಚ್ಚುವುದಿಲ್ಲ, ನನಗೆ ಅರ್ಥವಾಗುತ್ತದೆ ಎಂದು ಶುರು ಮಾಡಿದ್ದರು. ಮೂವತ್ತೊಂದನ್ನು ಕಳಿಸಿ. ನಾವು ನಲವತ್ತು ಮಂದಿ. ಈ ವರ್ಷ ಒಂಬತ್ತು ಜನ ಮನೆಯ ಬಟ್ಟೆಯಲ್ಲಿಯೇ ನಡೆಯುತ್ತೇವೆ, ಕರೆ ಬಂದರೂ ಹೋಗದೆ ಉಳಿದವರ ಲೆಕ್ಕದಲ್ಲಿ. ಅವರನ್ನು ಇಷ್ಟು ವರ್ಷ ಮೆರವಣಿಗೆಯಲ್ಲಿ ಸೇರಿಸದೆ ಇದ್ದದ್ದೇ ತಪ್ಪು ಎಂದು ನಿಮ್ಮ ಕಾಗದ ನೋಡಿದ ಮೇಲೆ ಅನ್ನಿಸಿತು. ಇನ್ನು ನಿಮ್ಮ ಪ್ರಶ್ನೆ. ಎಲ್ಲ ಕೋಟುಗಳ ಕತೆ ಗೊತ್ತಿಲ್ಲ. ನಮ್ಮ ಅಜ್ಜನ ಕೋಟನ್ನು ಅಜ್ಜಿ ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುವಿ ಹೊಲಿದು, ತೋಳು ತೆಗೆದು, ಚಳಿಗಾಲದಲ್ಲಿ ದನದ ಕೊಟ್ಟಿಗೆಗೆ ಹೋಗುವಾಗ ತಾನೇ ಹಾಕಿಕೊಳ್ಳುತ್ತಿದ್ದಳು.

ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಮಾಸ್ಟರ್ ಇನ್ನೊಂದು ಸಲ ಓದಿಸಿದರು, ಕೊನೆಯ ಭಾಗವನ್ನು ಮಾತ್ರ. ತಿರುವಿ ಹೊಲಿಯುವುದು ಸುಲಭದ ಕೆಲಸವಲ್ಲ, ಆಕೆ ಒಳ್ಳೆಯ ಕೈಯವಳು ಎಂದರು.

ಬ್ಯಾಂಡಿನವರು ಬಂದು ಉಳಿದ ಒಂಬತ್ತು ಕೋಟುಗಳನ್ನು ಕೇಳಿದರು. ಕಡುಹಸಿರು, ನೀಲಿ ಕಾಲರು. ಮದುವೆಗೆ ಹೇಳಿ ಮಾಡಿಸಿದಂತಿದ್ದವು. ಕೊಡಲಿಲ್ಲ. ಆ ಚಳಿಗಾಲವಿಡೀ ಬಿಡುವಾದಾಗಲೆಲ್ಲ ಒಂದೊಂದನ್ನೇ ಬಿಚ್ಚಿ, ತಿರುವಿ, ತೋಳು ತೆಗೆದು, ಕಾಜಾಗಳನ್ನು, ಗುರುತು ಉಳಿದರೂ ಸರಿ ಎಂದು, ಅದೇ ಬಟ್ಟೆಯ ಎಳೆ ಕಿತ್ತು ನೇಯ್ದಂತೆ ಮುಚ್ಚಿ, ತೋಳಿಲ್ಲದ ಒಂಬತ್ತು ಕೋಟು ಮಾಡಿದರು. ಐದು ಆನೆಕೊಂಡದ ಐವರಿಗೆ. ಮೂರು ಹರಿಹರದಲ್ಲಿದ್ದ ತಮ್ಮ ಅಣ್ಣತಮ್ಮಂದಿರಿಗೆ. ಒಂದು ನನಗೆ. ತಮಗೆಂದು ಇಟ್ಟುಕೊಳ್ಳಲಿಲ್ಲ.

ಮೆರವಣಿಗೆಯ ಫೋಟೊ ಬಂದ ದಿನ ಅವರಿಗೆ ಮೈ ಸರಿ ಇರಲಿಲ್ಲ; ಅಂಗಡಿಯ ಮೇಲಿನ ಮನೆಯಲ್ಲಿ ಮಲಗಿದ್ದರು. ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡರು. ಹಿಮದಲ್ಲಿ ಎರಡು ಸಾಲು ಜನ. ಕೋಟು ತೊಟ್ಟ ಮೂವತ್ತೊಂದು ಮಂದಿ, ಅವರ ಪಕ್ಕದಲ್ಲಿ ಮನೆಯ ಬಟ್ಟೆಯ ಒಂಬತ್ತು ಮಂದಿ. ಯಾವುದೋ ಕ್ಷಣದಲ್ಲಿ ಎಲ್ಲರೂ ಟೋಪಿ ಹಿಡಿದು ಕೈ ಮೇಲೆತ್ತಿದ್ದರು. ಮಾಸ್ಟರ್ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಒಬ್ಬೊಬ್ಬನ ಸೊಂಟದ ಹತ್ತಿರ ನೋಡುತ್ತ ಹೋದರು. ಮೂವತ್ತೊಂದು ಸೊಂಟ. ಎಷ್ಟೋ ಹೊತ್ತಾಯಿತು.

“ನೋಡ್ರಿ ಮೇಷ್ಟ್ರೆ,” ಎಂದರು. “ಕೈ ಎತ್ಯಾರೆ. ಕೋಟು ಎದ್ದಿಲ್ಲ.”

ಅವರ ಮುಖದಲ್ಲಿ ಅಷ್ಟು ದೊಡ್ಡ ಸಂತೋಷವನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ. ನನ್ನ ಮೂವತ್ತು ವರ್ಷದ ಪಾಠದಲ್ಲಿ ಒಂದು ದಿನವಾದರೂ ಅಂಥ ಮಾತನ್ನು ಹೇಳುವ ಹಕ್ಕು ನನಗೆ ಬಂದಿತ್ತೇ ಎಂದು ಯೋಚಿಸುತ್ತೇನೆ.

ಅವರನ್ನು ಹರಿಹರದಲ್ಲಿ ಮಣ್ಣು ಮಾಡಿದರು. ಸೆಲ್ಯೂಟ್ ಹೊಡೆದು ಅಳತೆ ಕೊಟ್ಟಿದ್ದ ಎಷ್ಟೋ ಪೊಲೀಸರು ಬಂದಿದ್ದರು. ಬ್ಯಾಂಡಿನವರು ವಾದ್ಯ ಬಿಟ್ಟು ಬಂದಿದ್ದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಕಳೆದ ವಾರ, ಬೆಳಗ್ಗೆ ಚಳಿ ಇತ್ತು, ಅವರು ಕೊಟ್ಟ ಕೋಟು ಹಾಕಿಕೊಂಡು ಆನೆಕೊಂಡಕ್ಕೆ ಹೋದೆ. ಗೌರಮ್ಮ ಅಂಗಳದಲ್ಲಿ ಬಿಸಿಲಿಗೆ ಕೂತು ಕಾಜಾ ಹಾಕುತ್ತಿದ್ದರು, ಅದೇ ಹಸಿರು ಕೋಟು ಸೀರೆಯ ಮೇಲೆ. ಹೇಳಿದೆ. ಗುಂಡಿ ಎಂದವನು ನಾನು, ಮಾಸ್ಟರಲ್ಲ ಎಂದು. ನೀವು ಬೈದಾಗ ನಾನು ಅಲ್ಲಿಯೇ ಕೂತಿದ್ದೆ ಎಂದು.

ಅವರು ಕೈಕೆಲಸ ನಿಲ್ಲಿಸಿದರು.

“ಅವತ್ತೇ ಹೇಳಿದ್ರೆ ನಾ ಅವ್ರಿಗೆ ಅಂತಿರ್ಲಿಲ್ಲ. ವಯಸ್ಸಾತು, ಸಾಕ್ ಮಾಡು ಅಂದ್ಬಿಟ್ಟೆ. ಅದನ್ನ ಈಗ ಎಲ್ಲಿ ಹೋಗಿ ವಾಪಸ್ ತಗಳ್ಳಿ?”

ಅವರ ಕಣ್ಣು ನನ್ನ ಎದೆಯ ಮೇಲೆ ನಿಂತಿತು. ಬಳಿಗೆ ಬಂದು ಬಟ್ಟೆಯನ್ನು ಬೆರಳಲ್ಲಿ ಹಿಡಿದರು. ಅಲ್ಲಿ ಎಡಗಡೆ ಒಂದು ಕಾಜಾ ಮುಚ್ಚದೆ ಉಳಿದಿದೆ. ಎದುರಿಗೆ ಗುಂಡಿ ಇಲ್ಲ. ತಮ್ಮೈವರ ಕೋಟಿನಲ್ಲಿ ಎಲ್ಲವನ್ನೂ ಮುಚ್ಚಿ ಕೊಟ್ಟಿದ್ದಾರಲ್ಲ, ಇದೊಂದು ಯಾಕೆ ಬಿಟ್ಟರು ಎಂದು ಕೇಳಿದರು. ಮರೆತಿರಬೇಕು ಅಂದುಕೊಂಡಿದ್ದೆ ಎಂದೆ.

“ಮಾಸ್ಟರ್ ಮರೀತಿದ್ರಾ?”

ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಮುಚ್ಚಲೆಂದು ಸೂಜಿಯನ್ನು ಎತ್ತಿಕೊಂಡವರು ಸ್ವಲ್ಪ ಯೋಚಿಸಿ, ಮತ್ತೆ ದಾರದ ಉಂಡೆಗೆ ಚುಚ್ಚಿಟ್ಟರು. ಬಾಗಿಲು ಎಳೆದುಕೊಂಡು, ಉಳಿದ ನಾಲ್ವರಿಗೆ ಯಾರು ಹೇಳಬೇಕು, ನಡೆಯಿರಿ ಎಂದರು.

ನಾಲ್ಕು ಮನೆಗೂ ಹೋದೆವು. ಮುಂದೆ ಅವರು, ಹಿಂದೆ ನಾನು. ಒಂದು ಮನೆಯಲ್ಲಿ ಚಹಾ ಕೊಟ್ಟರು, ಒಂದು ಮನೆಯಲ್ಲಿ ಕೊಡಲಿಲ್ಲ. ನಾಲ್ಕು ಹೊಸ್ತಿಲಲ್ಲಿಯೂ ನಿಂತು ಅಷ್ಟೇ ಮಾತನ್ನು, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಹೇಳಿದೆ: ತಪ್ಪು ನನ್ನದು. ಮಾಸ್ಟರ್ ಎರಡು ಸಲ ಕೇಳಿದ್ದರು.